ಮೊದಲೇ ಇದ್ದ ಮೊಳೆಗಳು

ಬೀಗದ ಕೈ ಕೊಡುವಾಗ
ಪಿಳ್ಳಾರೆಡ್ಡಿಯವರು ಹೇಳಿದ್ದು ಒಂದೇ ಮಾತು:
"ಗೋಡಕಿ ಮೇಕು ಕೊಟ್ಟೊದ್ದು ತಲ್ಲೀ."

ಇಂಚರ ಮನೆಯೆಲ್ಲ ಹುಡುಕಿದಳು,
ಬಚ್ಚಲಿಗೂ ಬಗ್ಗಿ ನೋಡಿ ಬಂದು ಕೇಳಿದಳು:
ಅಮ್ಮಾ, ಮೇಕೆ ಎಲ್ಲಿದೆ?
ಹೊಡೀಬೇಡಿ ಅಂದ್ರಲ್ಲ ತಾತ?

ಮೇಕೆ ಇರಲಿಲ್ಲ. ಮೊಳೆ ಇದ್ದವು.
ಎಣಿಸಿದೆ, ಏಳು.
ಹೊಸದು ಹೊಡೆಯಬಾರದು ಅಂದರೇ ಹೊರತು
ಇದ್ದದ್ದಕ್ಕೆ ನೇತುಹಾಕಬಾರದು ಅನ್ನಲಿಲ್ಲ ಅವರು.

ಶಿಡ್ಲಘಟ್ಟದಲ್ಲಿ ಇದು ನಮ್ಮ ನಾಲ್ಕನೇ ಮನೆ.
ಹಳೆಯದಕ್ಕೂ ಇದಕ್ಕೂ ನಡುವೆ ಮೂರು ಬೀದಿ, ಎರಡು ರೀಲಿಂಗ್ ಶೆಡ್ಡು.
ಬೆಂದ ಹುಳದ ವಾಸನೆ ಮಾತ್ರ
ಲಗೇಜ್ ಆಟೋ ಹತ್ತದೆ ನಮಗಿಂತ ಮೊದಲೇ ಬಂದಿತ್ತು.

ಗವಿರಂಗ ಗೂಡಿನ ಮಾರ್ಕೆಟ್ಟಿನಲ್ಲಿ ತೂಕ ಬರೆಯುವವನು.
ನನ್ನ ಬಟ್ಟೆಚೂರಿನ ಗಂಟನ್ನು ಎತ್ತಿ
"ಹದಿನಾಲ್ಕು ಕೇಜಿ ಮುನ್ನೂರು" ಅಂದ.
ಇದೆಲ್ಲ ಬೇಕಾ ಅನ್ನಲಿಲ್ಲ.
ಮೂರು ಮನೆ ಬದಲಿಸಿ ಅಷ್ಟು ಕಲಿತಿದ್ದಾನೆ.

ನಡುಮನೆಯ ದಪ್ಪ ಮೊಳೆ ಕೊಂಚ ಬಾಗಿದೆ,
ಯಾರ ದೇವರನ್ನೋ ಯಾರ ಅಪ್ಪನನ್ನೋ ಹೊತ್ತು.
ಅದಕ್ಕೆ ಮುರುಕು ಚಂದ್ರಿಕೆಯ ತುಂಡು,
ಸುಣ್ಣದ ನೀರಲ್ಲಿ ತೊಳೆದು ನಾಲ್ಕು ದಿನ ಒಣಗಿಸಿದ್ದು.
ಹುಳ ಹತ್ತಿ ಗೂಡು ಕಟ್ಟುತ್ತಿದ್ದ ಬಿದಿರಿನ ಸುರುಳಿಯಲ್ಲಿ ಈಗ
ಬಾಚಣಿಗೆ, ಕರೆಂಟು ಬಿಲ್ಲು.
ಅಡುಗೆಮನೆಯದಕ್ಕೆ ಈರುಳ್ಳಿಯ ವೈರ್ ಬುಟ್ಟಿ.
ಹಸಿರು ವೈರು ಸಾಲದೆ ಕೊನೆಯ ಮೂರು ಸುತ್ತು ಕೆಂಪು,
ಬೇಕಂತಲೇ ಹಾಗೆ ಹೆಣೆದೆ ಅಂತ ಎಲ್ಲರಿಗೂ ಹೇಳುತ್ತೇನೆ.
ಇನ್ನೊಂದು ಸೂರಿನ ಹತ್ತಿರ. ಆರಡಿ ಆಳು ಯಾರೋ ಇದ್ದಿರಬೇಕು.
ತೂತು ಗೂಡು ಕತ್ತರಿಸಿ ಹೂ ಮಾಡಿದ ಹಾರವನ್ನು
ಸ್ಟೂಲಿನ ಮೇಲೆ ಸ್ಟೂಲಿಟ್ಟು ಏರಿಸಿದ ಗವಿರಂಗ.
ಮತ್ತೊಂದು, ಮುಟ್ಟಿದ್ದೇ ತಡ, ಉದುರಿತು
ಅಂಗೈಯಗಲ ಗಾರೆಯ ಸಮೇತ.
ಆ ಗುಳಿ ಮುಚ್ಚಲು ಕ್ಯಾಲೆಂಡರ್ ಬೇಕು,
ಕ್ಯಾಲೆಂಡರಿಗೆ ಮೊಳೆ ಬೇಕು.
ನಾನೂ ಅವನೂ ಆ ಗೋಡೆಯ ಮುಂದೆ ಕೂತು ನಕ್ಕೆವು.

ಬಾಗಿಲ ಮೇಲಿನ ಜೋಡಿಗೆ ಪರದೆಯ ದಾರ.
ಹಳೇ ಮನೆಯ ಬಾಗಿಲಿಗೆ ತಲೆ ತಗ್ಗಿಸಬೇಕಿತ್ತು.
ಇದು ಎತ್ತರ. ಪರದೆ ಮೊಣಕಾಲಿಗೇ ನಿಂತಿತು,
ಒಂದೇ ವರ್ಷದಲ್ಲಿ ಗಿಡ್ಡವಾದ ಇಂಚರಳ ಲಂಗದ ಹಾಗೆ.

ಉಳಿದದ್ದು ಏಳನೆಯದು.
ಹಿತ್ತಲ ಬಾಗಿಲ ಪಕ್ಕ,
ನನ್ನ ಮೊಣಕಾಲಿಗಿಂತ ಒಂದು ಗೇಣು ಮೇಲೆ.
ಅಷ್ಟು ಕೆಳಗೆ ಏನು ನೇತುಹಾಕುತ್ತಾರೆ ಮನುಷ್ಯರು?
ಪೊರಕೆ ಹಾಕಿದೆ, ನೆಲ ಮುಟ್ಟಿತು.
ಚೀಲ ಹಾಕಿದೆ, ಬಾಗಿಲಿಗೆ ಅಡ್ಡ ಬಂತು.
ಬಿಟ್ಟುಬಿಟ್ಟೆ.

ಭಾನುವಾರ ಮಧ್ಯಾಹ್ನ ಕರೆಂಟು ಹೋಯಿತು.
ಇಂಚರಳ ಎಲ್ಕೆಜಿ ಯೂನಿಫಾರಂ ಬಿಚ್ಚಿ
ಪರದೆಗೆ ಅಂಚು ಕೂಡಿಸುತ್ತಿದ್ದೆ.
ಸೂಜಿಗೆ ಬೆಳಕು ಹುಡುಕುತ್ತ ಹುಡುಕುತ್ತ
ಹಿತ್ತಲ ಬಾಗಿಲಿಗೇ ಬಂದು ಗೋಡೆಗೊರಗಿ ಕೂತೆ.
ದಾರ ಮುಗಿಯಿತು. ಕತ್ತರಿ ಎಲ್ಲಿ ಅಂತ
ಕಣ್ಣೆತ್ತದೆ ಕೈ ತಡಕಾಡಿದರೆ
ಬೆರಳಿಗೆ ಸಿಕ್ಕಿದ್ದು ಆ ಮೊಳೆ.

ಅವಳೂ ಇಲ್ಲೇ ಕೂರುತ್ತಿದ್ದಳು.

ಹೊಲಿಯುತ್ತಿದ್ದಳೋ, ಜಾಲರಿ ಹೆಣೆಯುತ್ತಿದ್ದಳೋ,
ನೂಲಿನ ಗಂಟು ಬಿಡಿಸುತ್ತಿದ್ದಳೋ ಗೊತ್ತಿಲ್ಲ.
ಎಡಗೈಯವಳು ಮಾತ್ರ, ನನ್ನ ಹಾಗೇ.

ಹಳೇ ಮನೆಯಲ್ಲಿ ನಾನು
ಹದಿಮೂರು ಮೊಳೆ ಕಿತ್ತು, ಹದಿಮೂರು ತೂತಿಗೆ
ಟೂತ್‌ಪೇಸ್ಟ್ ತುಂಬಿ, ಒದ್ದೆ ಬಟ್ಟೆಯಲ್ಲಿ ಒರೆಸಿ,
ನಾವು ಆರು ವರ್ಷ ಅಲ್ಲಿರಲೇ ಇಲ್ಲವೇನೋ ಎನ್ನುವಷ್ಟು
ಬೆಳ್ಳಗೆ ಮಾಡಿ ಬಂದಿದ್ದೆ.
ಅಡ್ವಾನ್ಸು ಪೂರ್ತಿ ಬಂತು.
ಅಲ್ಲಿ ಈಗ ಯಾರು ಕತ್ತರಿ ಹುಡುಕುತ್ತಿದ್ದಾರೋ.

ಅಂಚು ಕೂಡಿಸಿದರೂ ಪರದೆ ನಾಲ್ಕು ಬೆರಳು ಗಿಡ್ಡ.
ಇರಲಿ. ಬೆಳಗಿನ ಜಾವ
ಗೂಡಿನ ಮೂಟೆ ಹೊತ್ತು ಮಾರ್ಕೆಟ್ಟಿಗೆ ಹೋಗುವವರ
ಪಾದ ಕಾಣುತ್ತವೆ ಅಡಿಯಲ್ಲಿ.
ಒಂದು ಜೊತೆ ನಿಂತಿತು. ಆಚೆಯಿಂದ ದನಿ:
"ಹೊಸಬರಾ? ಮನೆ ಹೊಂದಿಕೊಂಡಿತಾ?"
ಬಾಯಲ್ಲಿ ದಾರವಿತ್ತು.
ಹ್ಞೂಂ ಅಂದೆ.