ಉಗಾದಿಯ ಚೀಟಿ

ಮಿರಗ ಕೂಡಿದ ಮರುದಿನ
ಕಪಾಟಿನ ಮೇಲಿಂದ ಕೈಚೀಲ ಇಳಿಸಿದೆ.
ಒಳಗೆ ಮಾರ್ಚ್ ತಿಂಗಳು ಹಾಗೇ ಇತ್ತು:
ಏಳು ರೂಪಾಯಿ ಚಿಲ್ಲರೆ, ಬಸ್ಸಿನ ಟಿಕೀಟು,
ಅರ್ಧ ಚೀಪಿ ಸುತ್ತಿಟ್ಟ ಶುಂಠಿ ಪೆಪ್ಪರಮೆಂಟು,
ನಾಲ್ಕಾಗಿ ಮಡಚಿದ ಚೀಟಿ.

ನನ್ನದೇ ಅಕ್ಷರ.
ಬೆಲ್ಲ ಒಂದು ಕಿಲೋ
(ತರಲಿಲ್ಲ, ಬೇವಿಗೆ ಸಕ್ಕರೆ ಬೆರೆಸಿ ಹಬ್ಬ ದಾಟಿಸಿದ್ದೆವು),
ಹಸಿರು ಸೀರೆಗೆ ಫಾಲ್,
ಬಳೆ ಒಂದು ಡಜನ್,
ಗ್ಯಾಸಿನ ಲೈಟರ್,
ಐದನೆಯದರ ಮೇಲೆ ನೀರು ಬಿದ್ದು ಶಾಯಿ ಹರಡಿತ್ತು.
ಮೊದಲ 'ಕ' ಮಾತ್ರ ಉಳಿದಿತ್ತು.

ತೀನ್ ಕಂದೀಲ್ ಹತ್ತಿರ ಆಟೋ ಇಳಿದೆ.
ಮೂಲೆಯಲ್ಲಿ ಒಣಗಿ ಸೆಟೆದಿದ್ದ ಚಪ್ಪಲಿಗೆ
ನನ್ನ ಪಾದದ ಗುರುತೇ ಹತ್ತಲಿಲ್ಲ.
ಅಂಗಡಿಗಳ ಮುಂದೆ ಸುಣ್ಣದ ದುಂಡು.
ಕುಂಟೆಬಿಲ್ಲೆ ಆಡಿದ ಕಾಲಿಗೆ
ಗೆರೆ ತುಳಿಯಬಾರದೆಂದು ಗೊತ್ತು, ನಿಂತೆ.
ಪಕ್ಕದ ದುಂಡಿನ ಹೆಂಗಸು
ಕಣ್ಣಲ್ಲೇ ನಕ್ಕಳೋ, ಬಿಸಿಲಿಗೆ ಕಣ್ಣು ಕಿರಿದಾದವೋ
ತಿಳಿಯದೆ ನಾನೂ ಹಾಗೇ ಮಾಡಿದೆ.

ಮ್ಯಾಚಿಂಗ್ ಅಂಗಡಿಯ ತಾಯಪ್ಪ
ಹಗ್ಗ ಕಟ್ಟಿದ ಬಾಗಿಲಾಚೆಯಿಂದ
"ಯಾರ್ರೀ? ಗುರ್ತ ಸಿಗವಲ್ದು" ಅಂದ.
ಫಾಲ್ ಎಷ್ಟು ಅಂದೆ. ಹೇಳಿದ.
ಅಷ್ಟ್ಯಾಕೋ ಅಂದೆ.
"ಓ, ನೀವೇನ್ರೀ ಟೀಚರ್! ಸೀರಿ ತಂದೀರಿ?"

ಸೀರೆ ಮರೆತಿದ್ದೆ.
ಆದರೆ ಅದರ ಜಂಪರ್ ಪೀಸು ಏಪ್ರಿಲ್‌ನಲ್ಲಿ
ಮೂರು ಮಾಸ್ಕಾಗಿತ್ತು, ಒಂದು ಮೂಗಿನ ಮೇಲಿತ್ತು.
"ಇದಾ ನೋಡು ಬಣ್ಣ" ಎಂದು ಮುಖ ಚಾಚಿದೆ.
"ಟ್ಯೂಬ್‌ಲೈಟಿನಾಗ ಬಣ್ಣ ಸುಳ್ಳು ಹೇಳತದ್ರಿ, ಬಿಸಿಲಿಗೆ ನಿಂದರ್ರಿ."
ಗಜಕೋಲಿನ ತುದಿಗೆ ಒಂದೊಂದೇ ಫಾಲ್ ತೂಗಿ
ನನ್ನ ಗಲ್ಲದ ಪಕ್ಕ ಹಿಡಿದ.
ಗಿಳಿ, ಪಾಚಿ, ಹೆಸರುಕಾಳು, ಎಳೆ ಮೆಣಸಿನಕಾಯಿ.
ಮೂರು ತಿಂಗಳಲ್ಲಿ ಯಾರೂ ಇಷ್ಟು ಹೊತ್ತು
ನನ್ನ ಮುಖ ನೋಡಿರಲಿಲ್ಲ.
ಅವನು ನೋಡಿದ್ದು ಬರೀ ಹಸಿರು.
ಆದರೂ ನಾನು ಮುಂಗುರುಳು ಸರಿಮಾಡಿಕೊಂಡೆ.

"ಇದು ತೊಳದ್ ತೊಳದ್ ಮಾಸ್ಯದ.
ಸೀರಿ ಉಟ್ಟೀರೇನು?"
ಇಲ್ಲ. ಶಶಿಕಲಾಳ ಮದುವೆಗೆಂದು ಕೊಂಡದ್ದು,
ಮದುವೆಯನ್ನು ನೈಟಿಯಲ್ಲಿ ಕೂತು ಫೋನಿನಲ್ಲಿ ನೋಡಿದ್ದೆ.
"ಹಂಗಾದ್ರ ಅದು ಇನ್ನಾ ಗಾಢ ಇರತದ" ಎಂದು
ಒಂದು ನಂಬರು ಮೇಲಿನದು ಕೊಟ್ಟ.

ಖಾಜಾಬಿ ಬಳೆಗಳನ್ನು ಪೇಪರಿನಲ್ಲಿ ಸುತ್ತಿ
ಸ್ಟೂಲಿನ ಮೇಲಿಟ್ಟು ಹಿಂದೆ ಸರಿದಳು.
"ಮನ್ಯಾಗ ಇಟ್ಗೊ ಅಕ್ಕಾ, ಸಾಬೂನು ಹಚ್ಚಿ."
ನನಗೆ ಬರುವುದಿಲ್ಲ ಅಂದೆ. ಸುಳ್ಳು.

ಅವಳು ಸ್ವಲ್ಪ ಹೊತ್ತು ರಸ್ತೆ ನೋಡಿದಳು.
ಆಮೇಲೆ ಬಾಟಲಿ ಎತ್ತಿ ನನ್ನ ಕೈಗೆ ಸುರಿದಳು, ತನ್ನ ಕೈಗೂ.
ಆಸ್ಪತ್ರೆಯ ವಾಸನೆ.
ಇಬ್ಬರೂ ಮುಖ ಅತ್ತಿತ್ತ ತಿರುಗಿಸಿ ಉಸಿರು ಹಿಡಿದೆವು.
ಅವಳ ಹೆಬ್ಬೆರಳು ನನ್ನ ಗೆಣ್ಣುಗಳನ್ನು
ಹಿಟ್ಟಿನಂತೆ ನಾದಿತು.
"ಭಾಂಡೆ ತಿಕ್ಕಿ ಕೈ ಬಿರಸ ಮಾಡ್ಕೊಂಡಿ."
ನಿನ್ನದೂ ಅಂದೆ.
"ಬಳಿ ಯಾರಿಗೆ ಬೇಕಿತ್ತಕ್ಕಾ? ಬೆಂಡಿಕಾಯಿ ಗಾಡಿ ದೂಡೀನಿ."

ಏಳನೆಯದು ಹೆಚ್ಚಿತು.
(ಒಡೆಯಿತು ಅನ್ನಬಾರದು.)
ಮಣಿಕಟ್ಟಿನಲ್ಲಿ ಸಾಸಿವೆಯಷ್ಟು ನೆತ್ತರು,
ಸ್ಯಾನಿಟೈಸರ್ ತಾಗಿ ಚುರ್ರೆಂದಿತು.
ನಾನು ಹಾ ಎಂದೆ, ಅವಳು ಯಾ ಅಲ್ಲಾ ಎಂದಳು,
ಹಿಡಿದ ಉಸಿರೆಲ್ಲ ಒಟ್ಟಿಗೇ ಹೊರಬಿತ್ತು.
ಆ ಮೇಲೆ ಯಾರೂ ಮುಖ ತಿರುಗಿಸಲಿಲ್ಲ.
ಡಜನ್ನಿನ ಮೇಲೊಂದು ಹಾಕಿದಳು,
ಯಾವಾಗಲೂ ಹಾಕುವಂತೆ, ಲೆಕ್ಕಕ್ಕೆ ಹಿಡಿಯದೆ.

ಕಿರಾಣಿಯವನಿಗೆ ಚೀಟಿ ತೋರಿಸಿ
'ಕ' ಅಂದರೆ ಏನಿರಬಹುದು ಎಂದು ಕೇಳಿದೆ.
"ಕೊಬ್ರಿ? ಕರ್ಪೂರ? ಕಡ್ಲಿ?"
ಹಿಂದಿನ ದುಂಡಿನಿಂದ ಒಬ್ಬರು "ಕಸಬರಿಗಿ" ಅಂದರು.
ಯಾವುದಕ್ಕೂ ನನ್ನ ತಲೆ ಆಡಲಿಲ್ಲ.
ಅಷ್ಟರಲ್ಲಿ ಪೊಲೀಸರ ಸೀಟಿ, ಶಟರುಗಳ ಸದ್ದು.

ಮನೆಗೆ ಬಂದು, ಚಪ್ಪಲಿಗೂ ಚೀಲಕ್ಕೂ ಸ್ನಾನ ಮಾಡಿಸಿ,
ಚಹಾಕ್ಕೆ ನೀರಿಡುವಾಗ ನೆನಪಾಯಿತು:
ಲೈಟರು ಮರೆತಿದ್ದೆ.
ಕಡ್ಡಿ ಗೀರಿದೆ.
ಬಲಗೈಯ ಏಳೂ ಒಮ್ಮೆಗೇ ಸದ್ದು ಮಾಡಿದವು.