ಬುಟ್ಟಿಯಲ್ಲಿ ಸಿಕ್ಕ ನಾಲ್ಕು ದಿನ

ಮುನ್ನೂರ ಏಳನೆಯ ಕೋಣೆಯ ಕಸದ ಬುಟ್ಟಿಯಲ್ಲಿ
ಮುದ್ದೆಯಾಗಿ ಬಿದ್ದಿತ್ತು ಯಾರದೋ ನಾಲ್ಕು ದಿನ.
ದಿಯೊಲಿಂದಾ ಅದನ್ನು ದಿಂಬಿನ ಗವಸಿನ ಜೊತೆಗೇ
ಇಸ್ತ್ರಿ ಮಾಡಿದಳು.

ಕೊಯಿಂಬ್ರ: ಎರಡು ಗಂಟೆ. ತೊಮಾರ್: ಊಟದೊಳಗೆ ಮುಗಿಯಬೇಕು.
ಎವೊರ: ಒಂದು ರಾತ್ರಿ, ಸೂರ್ಯೋದಯ ಕಡ್ಡಾಯ.
"ಕಡ್ಡಾಯವಂತೆ!" ನಕ್ಕಳು ಗ್ರಾಸಿಯೆತ್,
ಹಲ್ಲಲ್ಲಿ ಪಿನ್ನು ಕಚ್ಚಿಕೊಂಡೇ.

ಪೋರ್ತೊದ ಈ ಹೋಟೆಲಿನಲ್ಲಿ ಹತ್ತೊಂಬತ್ತು ವರ್ಷ.
ನದಿ ಕಂಡದ್ದು ಕಿಟಕಿ ಒರೆಸುವಾಗ,
ಅದೂ ಒರೆಸಿದಷ್ಟೇ ಅಗಲ.

ಒಗೆಯುವ ಯಂತ್ರದ ಮೇಲೆ ಹಾಳೆ ಹರಡಿ
ಪೆನ್ಸಿಲ್ಲಿನಲ್ಲಿ ತಿದ್ದಿದರು ಇಬ್ಬರೂ:
ಅರಮನೆ ಒಂದು ಸಾಕು. ಮ್ಯೂಸಿಯಂ ಬೇಡ, ಮಂಡಿನೋವು.
ಕೊಯಿಂಬ್ರದಲ್ಲಿ ಸುಮ್ಮನೆ ಕೂರಲು ಒಂದು ಬೆಂಚು.
ತೊಮಾರ್‌ಗೆ ನಡುವೆ ರೈಲು ಬದಲಿಸಬೇಕು,
ತಪ್ಪಿದರೆ ತಪ್ಪಲಿ, ಬುತ್ತಿಯಿರುತ್ತದೆ.
ಯಂತ್ರ ಗಡಗಡ ನಡುಗಿದಾಗ
ಎವೊರ ಎಂದು ಬರೆಯುತ್ತಿದ್ದುದು ವಾಲಿ ವಾಲಿ
ಸ್ಪೇನಿನ ಗಡಿಯತ್ತ ಜಾರಿತು.

ಎಲ್ಲಕ್ಕಿಂತ ಕೆಳಗೆ ದಿಯೊಲಿಂದಾ ಬರೆದಳು:
ಬೆಳಿಗ್ಗೆ ಹಾಸಿಗೆ ಹೇಗಿದೆಯೋ ಹಾಗೇ ಬಿಟ್ಟು ಹೊರಡುವುದು.
ಗ್ರಾಸಿಯೆತ್ ಬಗ್ಗಿ ಓದಿದಳು.
"ಪಾಪ, ಅಲ್ಲಿಯೂ ಯಾರೋ ಒಬ್ಬಳು ಇರುತ್ತಾಳಲ್ಲ."

ಅಳಿಸಲಿಲ್ಲ.
ಪಕ್ಕದಲ್ಲಿ ಸಣ್ಣಗೆ ಸೇರಿಸಿದಳು:
ಹೊದಿಕೆ ಮಾತ್ರ ಮಡಿಸುವುದು.