ಹಳೇ ನೂಲು

ಟ್ರೇ ಹೊರಗೆ ಬರುತ್ತದೆ, ಒಳಗೆ ಹೋಗುತ್ತದೆ.
ಹಸಿರು ದೀಪ ಎರಡು ಸಲ ಮಿಟುಕಿ
ಸುಮ್ಮನಾಗುತ್ತದೆ.
ಮೌಂಟ್ ಎಂದರೆ, ಅಂಥದ್ದೊಂದು ಸಾಧನವೇ ಇಲ್ಲ
ಎನ್ನುತ್ತದೆ ಕರಿ ಪರದೆ.
ಇದೆಯಲ್ಲ ಮಾರಾಯ, ಕೈಯಲ್ಲೇ ಮುಟ್ಟುತ್ತಿದ್ದೇನೆ,
ಬೆಚ್ಚಗಿದೆ.

ದಾವಣಗೆರೆ. ಮುಚ್ಚಿದ ಮಿಲ್ಲಿನ ಕಾರ್ಮಿಕರ ಸಂಘ,
ಸೈಕಲ್ ಅಂಗಡಿಯ ಮಹಡಿ ಮೇಲೆ ಒಂದೇ ಕೋಣೆ.
ಪೆಂಟಿಯಂ ಮೂರು, ಇನ್ನೂರೈವತ್ತಾರು ಎಂಬಿ,
ಕಾಸಿಲ್ಲದವರಿಗೆ ಇದೇ ಸರಿ ಎಂದು
ಜಬೀವುಲ್ಲಾ ನಗುತ್ತ ಹಾಕಿಕೊಟ್ಟ ಲಿನಕ್ಸು.
ಅವನೀಗ ಮಂಡಕ್ಕಿ ಭಟ್ಟಿಯಲ್ಲಿ.
ಮಧ್ಯಾಹ್ನದವರೆಗೆ ಫೋನೆತ್ತುವುದಿಲ್ಲ;
ಕಾದ ಮರಳಿನ ಸದ್ದಿಗೆ ಏನೂ ಕೇಳಿಸುವುದಿಲ್ಲವಂತೆ.

ಬೆಂಚಿನ ಮೇಲೆ ವೈಂಡಿಂಗ್ ಖಾತೆಯ ಹಾಲಮ್ಮ.
ಪಿಂಚಣಿ ಕಚೇರಿಯವರು ಹಾಜರಿ ಕೇಳಿದ್ದಾರೆ.
ಕಾಗದದ ಪಟ್ಟಿ ಗೆದ್ದಲಿಗೆ ಹೋಯಿತು.
ಉಳಿದದ್ದು ಈ ಒಂದು ಬಿಲ್ಲೆ,
ಮೇಲೆ ಮಾರ್ಕರ್ ಪೆನ್ನಿನಲ್ಲಿ: ಮಸ್ಟರ್, ೭೯ ರಿಂದ ೯೪.
ಅಂಚಿಗೆ ಯಾರದೋ ಚಹಾ ಲೋಟದ ಉಂಗುರ.

ಯಂತ್ರ ಎದ್ದಾಗಿನಿಂದ ತನಗೆ ತಾನೇ
ಗೊಣಗಿಕೊಂಡದ್ದನ್ನೆಲ್ಲ ಓದಿದೆ, ಸಾಲು ಸಾಲು:
ಕೀಲಿಮಣೆ ಕಂಡೆ, ಗಡಿಯಾರ ಕಂಡೆ,
ಎಚ್‌ಡಿಸಿ ಕಂಡೆ, ಸೀಡಿ ಓದುವುದು, ಬರೆಯುವುದು.
ನೋಡಿದ್ದೀಯಲ್ಲ. ಮತ್ತೆ ಯಾಕೆ ಗುರುತು ಮರೆತೆ?

ಕರ್ನೆಲ್ ಅಂದರೆ ತಿರುಳು ಎಂದು ಪುಸ್ತಕದಲ್ಲಿತ್ತು.
ನನಗದು ಗೇಟಿನ ಟೈಂ ಆಫೀಸಿನ ಹಾಗೆ ಕಾಣುತ್ತದೆ.
ಎಲ್ಲ ಕೆಲಸ ತಾನೇ ಮಾಡುವುದಿಲ್ಲ;
ಹೆಸರು ಕೂಗುತ್ತದೆ, ಬದಲಿ ಆಳುಗಳ ಹಾಗೆ
ಮಾಡ್ಯೂಲುಗಳು ಒಳಗೆ ಬರುತ್ತವೆ.
ಮಾಡ್‌ಪ್ರೋಬ್, ಐಡಿಇ-ಸೀಡಿ, ಎಂದು ಕೂಗಿದೆ.
ಉತ್ತರವಿಲ್ಲ, ಬೈಗುಳವೂ ಇಲ್ಲ.
ಪಟ್ಟಿಯಲ್ಲಿ ಹೆಸರೇನೋ ಬಂತು. ಮುಂದೆ ಸೊನ್ನೆ.
ಬಂದು ನಿಂತಿದ್ದಾನೆ, ಕೆಲಸ ಕೊಟ್ಟವರಿಲ್ಲ.

ಡಬ್ಬ ಬಿಚ್ಚಿದೆ. ದೂಳು ಊದಿದೆ.
ಉಗುರಿನಷ್ಟೂ ಇಲ್ಲದ ಜಂಪರನ್ನು
ಮಾಸ್ಟರಿನಿಂದ ಸ್ಲೇವಿಗೆ, ಸ್ಲೇವಿನಿಂದ ಮಾಸ್ಟರಿಗೆ
(ಆ ಹೆಸರಿಟ್ಟವರಿಗೆ ಏನು ಹೇಳಲಿ)
ಕಿತ್ತು ಚುಚ್ಚಿ, ಮತ್ತೆ ಎಬ್ಬಿಸಿದೆ.
ಅದೇ ಎರಡು ಮಿಟುಕು.

ಹಾಲಮ್ಮ ಕಣ್ಣು ಮುಚ್ಚಿದ್ದಳು, ನಿದ್ದೆ ಅಂದುಕೊಂಡಿದ್ದೆ.
"ಕದಿರು ತಿರುಗ್ತೈತಿ ಕಣಪ್ಪ," ಅಂದಳು, "ನೂಲು ಹಿಡೀವಲ್ದು.
ಹಿಂದ್ಲ ಪಾಳಿಯೋರು ಕಂಡಿಕೆ ಮ್ಯಾಲೆ
ಹಳೇ ನೂಲು ಬಿಟ್ಟೋಗಿರ್ತಾರೆ, ನೋಡು.
ಅದನ್ನ ಕಿತ್ತಾಕ್ದೆ ಹೊಸಾದು ಹೆಂಗ್ ಕೂರ್ತೈತಿ?"

ಹಿಂದಿನ ಪಾಳಿ.
ಪಟ್ಟಿಯನ್ನು ಈ ಸಲ ಕೆಳಗಿನಿಂದ ಓದಿದೆ.
ಐಡಿಇ-ಸ್ಕಸಿ.
ಯಾವ ಕಾಲದಲ್ಲೋ ಸೀಡಿ ಬರೆಯಲೆಂದು
ಜಬೀವುಲ್ಲಾ ಕೂರಿಸಿದ್ದು.
ಬರೆಯುವುದು ನಿಂತು ಎಷ್ಟು ವರ್ಷವೋ,
ಪಾಳಿ ಮುಗಿಯಿತೆಂದು ಯಾರೂ ಹೇಳದೆ
ಡ್ರೈವನ್ನು ಅವುಚಿಕೊಂಡು ಕೂತೇ ಇತ್ತು.

ಆರೆಂಮಾಡ್. ಸಾಕು, ಮನೆಗೆ ಹೋಗು.
ಮಾಡ್‌ಪ್ರೋಬ್. ಈಗ ನೀನು ಬಾ.
ಡ್ರೈವು ಕೆಮ್ಮಿತು, ಉಸಿರೇರಿತು,
ಮೇಜಿನ ಮೇಲಿನ ಲೋಟ ನಡುಗಿತು.
ಹಾಲ್ಮಾ, ಟಿಕೆಟ್ ೨೨೧೭, ವೈಂಡಿಂಗ್, ಎರಡನೇ ಪಾಳಿ.
"ನಾನೇ ಅದು. ಟೈಂಕೀಪರ್ ಹಂಗೇ ಕೂಗ್ತಿದ್ದ."

ಎಂಬತ್ತೇಳರ ಹತ್ತಿರ ಒಂದು ಗೀರು.
ಎಂಟು ತಿಂಗಳು ಓದಲಾಗದು ಎಂದಿತು ಪರದೆ.
ಅವಳು ಬೆರಳು ಮಡಚಿದಳು:
"ಮೂರು ಬಾಣಂತನ. ಐದು ದುಡ್ದಿದೀನಿ. ಐದು ಬರ್ಕೋ."
ಬರೆದುಕೊಂಡೆ, ಪೆನ್ಸಿಲಿನಲ್ಲಿ.
ಕಚೇರಿಯವರು ಒಪ್ಪುತ್ತಾರೋ ಇಲ್ಲವೋ.

ಮೂರೂವರೆಗೆ ಜಬೀವುಲ್ಲಾನ ಫೋನು, ಹಿಂದೆ ಭಟ್ಟಿಯ ಸದ್ದು:
"ಮೊದ್ಲು ಹಳೇದ್ ತೆಗ್ದ್ರೇನು?"
ತೆಗೆದೆ, ಹೇಳಿದರು, ಅಂದೆ.
"ಯಾರ್ರೀ ಹೇಳಿದ್ದು?"

ಅಷ್ಟರಲ್ಲಿ ಟ್ರೇ ಹೊರಗೆ ಬಂತು.
ಹಾಲಮ್ಮ ಅದರ ಕೆಳಗೆ ಅಂಗೈ ಒಡ್ಡಿ ನಿಂತಿದ್ದಳು,
ತುಂಬಿದ ಕಂಡಿಕೆ
ಬೀಳುತ್ತದೇನೋ ಎಂಬಂತೆ.